ಮುಟ್ಟಬಾರದ ಡಬ್ಬ

ಆ ಸಂಕ್ರಾಂತಿಯ ದಿನ ನಾನು ನಲವತ್ತು ಮನೆಯವರ ಬಾಯಿಗೆ ಬಿದ್ದೆ. ಕೆಲವರು ಫೋನ್ ಮಾಡಿ ಬೈದರು, ಕೆಲವರು ಬರೆದು ಬೈದರು. ಎಲ್ಲರ ದೂರೂ ಒಂದೇ: ನಿಮ್ಮ ಆನ್‌ಲೈನ್ ಅಂಗಡಿಯಿಂದ ತರಿಸಿದ ಎಳ್ಳು-ಬೆಲ್ಲ ಹಬ್ಬಕ್ಕೆ ಬರಲಿಲ್ಲ. ಹಬ್ಬದ ಸಂಜೆ ಹೆಣ್ಣುಮಕ್ಕಳು ಹೊಸ ಲಂಗ ತೊಟ್ಟು, ತಟ್ಟೆ ಹಿಡಿದು ಮನೆಮನೆಗೆ ಎಳ್ಳು ಬೀರಲು ಹೊರಡುವ ಹೊತ್ತಿಗೆ ಆ ನಲವತ್ತು ಮನೆಗಳಲ್ಲಿ ಎಳ್ಳೇ ಇರಲಿಲ್ಲ. ಪೆಟ್ಟಿಗೆಗಳು ಹೋಗಿ ತಲುಪಿದ್ದು ಮೂರು ದಿನ ಕಳೆದ ಮೇಲೆ. ಹಬ್ಬ ಮುಗಿದ ಮೇಲೆ ಬಂದ ಎಳ್ಳನ್ನು ಯಾರಿಗೆ ಬೀರುವುದು? ಕೂತು ಬಾಯಾಡಿಸಬೇಕು, ಅಷ್ಟೇ. ಅವರು ಬೈದದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನಾಗಿದ್ದರೆ ಇನ್ನೂ ಚೆನ್ನಾಗಿ ಬೈಯುತ್ತಿದ್ದೆ.

ನಮ್ಮದು ಶ್ರೀರಂಗಪಟ್ಟಣದ ಪೇಟೆಬೀದಿಯಲ್ಲಿ ಮಾವನವರು ಇಟ್ಟ ಗ್ರಂದಿಗೆ ಅಂಗಡಿ. ಅರಿಸಿನ, ಕುಂಕುಮ, ಕರ್ಪೂರ, ಬಾಣಂತಿ ಖಾರದ ಬೇರುಗಳು, ಇಂಥವು. ನಮ್ಮ ಯಜಮಾನರು ಕಾಲೇಜಿನಲ್ಲಿ ಪಾಠ ಮಾಡುತ್ತಾರೆ, ಅಂಗಡಿಗೆ ಬಂದರೆ ಪೇಪರ್ ಓದುತ್ತಾರೆ. ಹಾಗಾಗಿ ಅಂಗಡಿ ನನ್ನದೇ. ಕೊರೋನಾ ಬಂದು ಬೀದಿಯೇ ಖಾಲಿ ಹೊಡೆಯತೊಡಗಿದಾಗ ಸುಮ್ಮನೆ ಕೂರಲಾರದೆ ಆನ್‌ಲೈನ್ ಅಂಗಡಿ ತೆರೆದೆ. ಅರಿಸಿನ ಕುಂಕುಮ ಅಲ್ಲೂ ಹಾಗೇ ಮೆಲ್ಲಗೆ ಹೋಗುತ್ತಿತ್ತು. ಆದರೆ ಸಂಕ್ರಾಂತಿಗೆಂದು ಇಟ್ಟ ಎಳ್ಳು-ಬೆಲ್ಲದ ಪೆಟ್ಟಿಗೆ ಜನರಿಗೆ ಹಿಡಿಸಿಬಿಟ್ಟಿತು. ಬೆಲ್ಲ, ಕೊಬ್ಬರಿಯನ್ನು ಸಣ್ಣಗೆ ಹೆಚ್ಚಿ, ಒಣಗಿಸಿ, ಎಳ್ಳು ಹುರಿದು ಬೆರೆಸುವ ಪುರುಸೊತ್ತು ಯಾರಿಗಿದೆ? ಹಬ್ಬ ಮಾತ್ರ ಎಲ್ಲರಿಗೂ ಬೇಕು.

ಆ ಪೆಟ್ಟಿಗೆಗೆ ಸಾಮಾನು ಮೂರು ಕಡೆಯಿಂದ ಬರುತ್ತದೆ. ಬೆಲ್ಲ ಪಾಂಡವಪುರದ ಹತ್ತಿರದ ಒಂದು ಆಲೆಮನೆಯಿಂದ. ಅದನ್ನು ನಡೆಸುವ ಹೆಂಗಸಿಗೆ ಎಪ್ಪತ್ತರ ಹತ್ತಿರ ವಯಸ್ಸು. ಎಲ್ಲರೂ ಅವ್ವ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಔಷಧಿ ಹಾಕದೆ ಬೆಲ್ಲ ಮಾಡಿ, ಅಕ್ಕಪಕ್ಕದ ಹೆಂಗಸರನ್ನು ಕೂರಿಸಿ ಕಡಲೆಗಾತ್ರಕ್ಕೆ ಹೆಚ್ಚಿಸಿ, ಒಣಗಿಸಿ ಡಬ್ಬಕ್ಕೆ ತುಂಬಿಸುತ್ತಾರೆ. ಎಳ್ಳು, ಕಡಲೆಕಾಯಿ ಬೀಜ ಕೆ.ಆರ್. ಪೇಟೆಯಿಂದ. ಅಲ್ಲಿಯವರು ಬಸ್ ಕಂಡಕ್ಟರ್ ಆಗಿದ್ದು ನಿವೃತ್ತರಾಗಿ ಹೊಲಕ್ಕೆ ಇಳಿದವರು. ಕೊಬ್ಬರಿ ನಾಗಮಂಗಲದ ಒಬ್ಬ ವಿಜ್ಞಾನದ ಮೇಷ್ಟ್ರ ತೋಟದಿಂದ. ಎಲ್ಲವನ್ನೂ ಬೆರೆಸಿ, ಸಕ್ಕರೆ ಅಚ್ಚು ಸೇರಿಸಿ ಪೆಟ್ಟಿಗೆ ಕಟ್ಟುವುದು ನಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ.

ಮೂರು ಊರಿನಲ್ಲಿ ಎಷ್ಟೆಷ್ಟು ಮಾಲಿದೆ ಎಂಬುದನ್ನು ನಾನು ಫೋನಿನಲ್ಲಿ ಕೇಳಿ, ಕ್ಯಾಲೆಂಡರಿನ ಹಿಂದೆ ಬರೆದು, ಇಷ್ಟು ಪೆಟ್ಟಿಗೆ ಆಗುತ್ತದೆ ಎಂದು ಅಂದಾಜು ಹಾಕಿ ಆನ್‌ಲೈನ್ ಅಂಗಡಿಗೆ ಏರಿಸುತ್ತಿದ್ದೆ. ಆ ವರ್ಷ ನನ್ನ ಅಂದಾಜು ಎಲ್ಲಿಯೋ ಜಾರಿತ್ತು. ಕೊನೆಯ ನಲವತ್ತು ಪೆಟ್ಟಿಗೆಗೆ ಬೆಲ್ಲವೇ ಇರಲಿಲ್ಲ. ಅವ್ವನ ಮನೆಯಲ್ಲಿ ಹೊಸದಾಗಿ ಬೆಲ್ಲ ಇಳಿಸಿ, ಹೆಚ್ಚಿ, ಒಣಗಿಸಿ ಕಳಿಸುವಷ್ಟರಲ್ಲಿ ಹಬ್ಬ ಹೋಗಿತ್ತು. ಎಲ್ಲಿ ಜಾರಿತು ಎಂದು ಕ್ಯಾಲೆಂಡರನ್ನು ಹತ್ತು ಸಲ ತಿರುಗಿಸಿ ನೋಡಿದರೂ ನನಗೆ ಗೊತ್ತಾಗಲಿಲ್ಲ.

ನನಗೆ ಕೋಪ ಬಂದರೆ ಯಾರ ಮೇಲಾದರೂ ಹಾರಿಬೀಳಬೇಕು. ಆ ಸಲ ನನ್ನ ಮೇಲೇ ಹಾರಿಬಿದ್ದೆ. ಹಬ್ಬ ಕಳೆದ ವಾರಕ್ಕೆ ಮೂವರನ್ನೂ ಮನೆಗೆ ಕರೆಸಿ ಕಾಫಿ ಕೊಟ್ಟು ಹೇಳಿದೆ: "ಬರೋ ಸಂಕ್ರಾಂತಿಗೆ ಒಂದೇ ಒಂದು ಮನೆಗೆ ತಪ್ಪಿದ್ರೂ ನಾನು ಆನ್‌ಲೈನ್ ಅಂಗಡಿ ಮುಚ್ಚಿಬಿಡ್ತೀನಿ. ಹಬ್ಬ ಕೆಡಿಸೋ ವ್ಯಾಪಾರ ನನಗೆ ಬೇಡ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಕಂಡಕ್ಟರಣ್ಣ, ಅಷ್ಟೊಂದು ಗಟ್ಟಿ ಮಾತು ಯಾಕೆ ಮೇಡಮ್ಮೋರೆ ಅಂದರು. ಅವ್ವ ಕಾಫಿ ಲೋಟ ಕೆಳಗಿಟ್ಟರು. ಅವರು ಅಷ್ಟೊಂದು ಹೆಂಗಸರನ್ನು ಕೂರಿಸಿ ಬೆಲ್ಲ ಹೆಚ್ಚಿಸುವುದು ನನ್ನ ಪೆಟ್ಟಿಗೆಯನ್ನು ನಂಬಿ. ಮುಚ್ಚಿದರೆ ಅವರಿಗೂ ಕೆಲಸವಿಲ್ಲ ಎಂಬುದು ನನಗೆ ಗೊತ್ತಿತ್ತು. ಆದರೂ ಆಡಿದ ಮಾತು ಆಡಿಯಾಗಿತ್ತು. ನಾನು ಅದನ್ನು ನುಂಗುವವಳಲ್ಲ.

ಸರಕಿನ ಲೆಕ್ಕವನ್ನೂ ಬರುವ ಆರ್ಡರುಗಳನ್ನೂ ಒಂದೇ ಕಡೆ ನೋಡಿಕೊಳ್ಳುವ ಸಾಫ್ಟ್‌ವೇರ್ ಇದೆಯಂತೆ, ಅದನ್ನು ಆನ್‌ಲೈನ್ ಅಂಗಡಿಗೆ ಜೋಡಿಸಿದರೆ ಕ್ಯಾಲೆಂಡರಿನ ಗೋಳು ತಪ್ಪುತ್ತದಂತೆ ಎಂದು ಎಲ್ಲಿಯೋ ಓದಿದ್ದೆ. ಓದಿದ್ದೇ ತಡ, ತೆಗೆದುಕೊಂಡುಬಿಟ್ಟೆ. ಯಾರನ್ನಾದರೂ ಕರೆಸಿ ಮಾಡಿಸು ಎಂದು ಯಜಮಾನರು ಅಂದರು. ನನ್ನ ಅಂಗಡಿಯ ಬೀಗದ ಕೈ ಕಂಡವರ ಕೈಗೆ ಕೊಡಲೇ ಎಂದು ಕೇಳಿದೆ. ಅವರು ಪೇಪರ್ ಬಿಡಿಸಿದರು.

ಮೊದಲನೆಯ ದಿನವೇ ಅನಾಹುತ. ಜೋಡಿಸುವಾಗ ಅದು ಒಂದು ಪ್ರಶ್ನೆ ಕೇಳುತ್ತದೆ: ಎರಡು ಕಡೆಯ ಸಂಖ್ಯೆಗಳು ಬೇರೆಬೇರೆ ಇದ್ದರೆ ಯಾವುದನ್ನು ನಂಬಲಿ, ಅಂಗಡಿಯದನ್ನೋ ಸಾಫ್ಟ್‌ವೇರಿನದನ್ನೋ? ಹೊಸದು ತಾನೇ ಬುದ್ಧಿವಂತ ಎಂದುಕೊಂಡು ಸಾಫ್ಟ್‌ವೇರಿನದನ್ನೇ ನಂಬು ಎಂದು ಒತ್ತಿದೆ. ಆದರೆ ಅದರೊಳಗೆ ನಾನಿನ್ನೂ ಏನನ್ನೂ ತುಂಬಿರಲಿಲ್ಲ. ಅಲ್ಲಿ ಎಲ್ಲದಕ್ಕೂ ಸೊನ್ನೆ. ಐದು ನಿಮಿಷದಲ್ಲಿ ನನ್ನ ಆನ್‌ಲೈನ್ ಅಂಗಡಿಯ ಪ್ರತಿಯೊಂದು ವಸ್ತುವಿನ ಮೇಲೂ 'ಮುಗಿದಿದೆ' ಎಂಬ ಪಟ್ಟಿ ಬಿತ್ತು. ಅರಿಸಿನ ಮುಗಿದಿದೆ, ಕುಂಕುಮ ಮುಗಿದಿದೆ, ಕರ್ಪೂರ ಮುಗಿದಿದೆ. ಹಳೆಯ ಗಿರಾಕಿಯೊಬ್ಬರು ಮೈಸೂರಿನಿಂದ ಫೋನ್ ಮಾಡಿ, ಅಂಗಡಿಯಲ್ಲಿ ಏನಾದರೂ ಅನಾಹುತವಾಯಿತೇ, ಮನೆಯವರೆಲ್ಲ ಕ್ಷೇಮವೇ ಎಂದು ವಿಚಾರಿಸಿದರು. ಕ್ಷೇಮ, ನನ್ನ ಬುದ್ಧಿಯೊಂದು ಬಿಟ್ಟು ಎಂದೆ.

ಸಾಫ್ಟ್‌ವೇರಿನವರ ಸಹಾಯದ ಫೋನ್‌ಗೆ ಒಬ್ಬ ಹುಡುಗಿ ಸಿಕ್ಕಳು. ಕನ್ನಡ ಮಾತಾಡುತ್ತಾಳೆ ಎಂದು ಗೊತ್ತಾದ ಕೂಡಲೇ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಪಾಪ, ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಮೆತ್ತಗೆ, ಮೇಡಂ, ಮೊದಲು ಕಪಾಟು ತುಂಬಿಸಿ, ಆಮೇಲೆ ಬಾಗಿಲು ತೆಗೀರಿ ಅಂದಳು. ಅಷ್ಟು ಸರಳವಾಗಿ ಹೇಳಿದರೆ ಯಾರ ಮೇಲೆ ರೇಗುವುದು?

ಒಂದು ತಿಂಗಳು ಅದೇ ಕೆಲಸವಾಯಿತು. ಅಂಗಡಿಯ ಪ್ರತಿಯೊಂದು ವಸ್ತುವಿಗೂ ಒಂದು ಗುರುತಿನ ಸಂಖ್ಯೆ ಕೊಟ್ಟೆ. ಅದೇ ಸಂಖ್ಯೆ ಎರಡೂ ಕಡೆ ಇರಬೇಕು; ಆಗಲೇ ಇವನು ಅವನೇ ಎಂದು ಅವು ಒಂದನ್ನೊಂದು ಗುರುತಿಸುವುದು. ಎಳ್ಳು-ಬೆಲ್ಲದ ಪೆಟ್ಟಿಗೆಗೆ ಏನೇನು, ಎಷ್ಟೆಷ್ಟು ಬೇಕು ಎಂದು ಬಿಡಿಬಿಡಿಯಾಗಿ ಬರೆದೆ. ಅವ್ವನ ಒಂದು ಡಬ್ಬ ಬೆಲ್ಲಕ್ಕೆ ನಲವತ್ತು ಪೆಟ್ಟಿಗೆ. ಎಳ್ಳು, ಬೀಜ, ಕೊಬ್ಬರಿಗೂ ಹಾಗೆಯೇ ಲೆಕ್ಕ. ಯಾವುದು ಎಲ್ಲಕ್ಕಿಂತ ಕಡಿಮೆ ಇದೆಯೋ ಅದನ್ನು ನೋಡಿ, ಒಟ್ಟು ಎಷ್ಟು ಪೆಟ್ಟಿಗೆ ಕಟ್ಟಬಹುದು ಎಂದು ಸಾಫ್ಟ್‌ವೇರೇ ಅಂಗಡಿಗೆ ಹೇಳುತ್ತದೆ. ಎಲ್ಲ ಮುಗಿದ ದಿನ ನನ್ನ ಅಂಗಡಿಯಿಂದ ನಾನೇ ಒಂದು ಪೊಟ್ಟಣ ಅರಿಸಿನ ಆರ್ಡರ್ ಮಾಡಿದೆ. ಇತ್ತ ಫೋನಿನಲ್ಲಿ ಹನ್ನೆರಡು ಇದ್ದದ್ದು ಹನ್ನೊಂದಾಯಿತು, ಅತ್ತ ಕಂಪ್ಯೂಟರಿನಲ್ಲಿ ಹನ್ನೆರಡು ಇದ್ದದ್ದು ಹನ್ನೊಂದಾಯಿತು. ನಾನು ಕೂತಲ್ಲಿಂದ ಎದ್ದು ಚಪ್ಪಾಳೆ ತಟ್ಟಿದೆ. ಕರ್ಪೂರ ಕೊಳ್ಳಲು ಬಂದಿದ್ದ ಒಬ್ಬರು ಎರಡು ಹೆಜ್ಜೆ ಹಿಂದೆ ಸರಿದರು.

ಇನ್ನು ಮೂವರಿಗೂ ಕಲಿಸುವುದು. ಅವರವರ ಮನೆಯಲ್ಲಿ ಎಷ್ಟು ಮಾಲಿದೆ ಎಂದು ಅವರವರೇ ಫೋನಿನಲ್ಲಿ ಸಂಖ್ಯೆ ಒತ್ತಬೇಕು, ಅಷ್ಟೇ. ಕಂಡಕ್ಟರಣ್ಣ ಹತ್ತು ನಿಮಿಷದಲ್ಲಿ ಕಲಿತರು. ಇದು ನಮ್ಮ ಟಿಕೆಟ್ ಮಿಷನ್ನಿಗಿಂತ ಸುಲಭ, ಇದರಲ್ಲಿ ಚಿಲ್ಲರೆಯ ಜಗಳವಿಲ್ಲ ಎಂದು ಖುಷಿಪಟ್ಟರು. ಮೇಷ್ಟ್ರು ಹಾಜರಿ ಹಾಕುವಂತೆ ದಿನಾ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಒತ್ತುತ್ತಿದ್ದರು. ಅವ್ವ ಓದಿದ್ದು ನಾಲ್ಕನೇ ಕ್ಲಾಸು, ಆದರೆ ಅಂಕಿಯ ವಿಷಯದಲ್ಲಿ ಯಾರಿಗೂ ಕಡಿಮೆಯಿಲ್ಲ. ಬೆಲ್ಲ ಹತ್ತಿದ ಬೆರಳು ಒತ್ತಿದರೆ ಫೋನು ಕೇಳುವುದಿಲ್ಲ ಎನ್ನುವುದೊಂದೇ ಅವರ ತಕರಾರು. ಸೆರಗಿಗೆ ಒರೆಸಿಕೊಂಡು ಒತ್ತಿ ಎಂದೆ.

ಡಿಸೆಂಬರ್ ಬರುತ್ತಿದ್ದಂತೆ ಆರ್ಡರ್ ಶುರುವಾದವು. ಎಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸು. ಆರ್ಡರ್ ಬಂದ ಕೂಡಲೇ ಸರಕು ತಾನಾಗಿ ಇಳಿಯುತ್ತಿತ್ತು, ವಿಳಾಸದ ಚೀಟಿ ತಾನಾಗಿ ಬರುತ್ತಿತ್ತು, ಪೆಟ್ಟಿಗೆ ಎಲ್ಲಿದೆ ಎಂದು ಗಿರಾಕಿಗೆ ತಾನಾಗಿ ಸುದ್ದಿ ಹೋಗುತ್ತಿತ್ತು. ನಾನು ಬೀಗಿದೆ. ಸುಳ್ಳು ಯಾಕೆ ಹೇಳಲಿ, ಬೀದಿಯಲ್ಲಿ ತಲೆ ಎತ್ತಿಕೊಂಡು ನಡೆದೆ.

ಹಬ್ಬಕ್ಕೆ ಎರಡು ವಾರ ಇರುವಾಗ ಆ ಬೀಗುವಿಕೆ ಇಳಿಯಿತು. ಪಾಂಡವಪುರದಲ್ಲಿ ಒಂದು ಡಬ್ಬ ಬೆಲ್ಲ ಉಳಿದಿದೆ ಎಂದು ಕಂಪ್ಯೂಟರ್ ತೋರಿಸುತ್ತಿತ್ತು. ಅದನ್ನು ನಂಬಿ ಅಂಗಡಿ ನಲವತ್ತು ಪೆಟ್ಟಿಗೆ ಕೊಡಬಹುದು ಎಂದಿತ್ತು, ಒಂದೇ ಬೆಳಿಗ್ಗೆ ಮೂವತ್ತೊಂದು ಹೋಗಿಬಿಟ್ಟವು. ಡಬ್ಬ ತರಲು ಆಟೋ ಕಳಿಸಿದೆ. ಆಟೋ ಖಾಲಿ ಬಂತು. ಡಬ್ಬ ಇಲ್ಲವಂತೆ, ನಾಲ್ಕು ದಿನ ಬಿಟ್ಟು ಹೊಸದು ಕೊಡುತ್ತಾರಂತೆ ಎಂದು ಆಟೋದವನು ಹೇಳಿದ.

ಮೈಯೆಲ್ಲ ಉರಿದುಹೋಯಿತು. ಫೋನ್ ಎತ್ತಿ ಆ ಹುಡುಗಿಯನ್ನೇ ಹಿಡಿದೆ. ನಿಮ್ಮ ಸಾಫ್ಟ್‌ವೇರ್ ಇಲ್ಲದ್ದನ್ನು ಇದೆ ಅನ್ನುತ್ತದೆ, ನನ್ನ ಮರ್ಯಾದೆ ಹರಾಜು ಹಾಕುತ್ತಿದೆ ಎಂದೆ. ಅವಳು ಸ್ವಲ್ಪ ಹೊತ್ತು ಏನೋ ನೋಡಿ, ಆ ಒಂದು ಎನ್ನುವ ಸಂಖ್ಯೆ ಪಾಂಡವಪುರದ ಫೋನಿನಿಂದಲೇ ಬಂದಿದೆ, ಹಳೆಯದನ್ನೂ ತೆಗೆದು ನೋಡಿ ಎಂದಳು. ತೆಗೆದು ನೋಡಿದೆ. ಮೂರು, ಎರಡು, ಒಂದು. ಒಂದು. ಮತ್ತೆ ಮೂರು, ಎರಡು, ಒಂದು. ಅವ್ವನ ಲೆಕ್ಕ ಏರುತ್ತಿತ್ತು, ಇಳಿಯುತ್ತಿತ್ತು, ಒಂದಕ್ಕಿಂತ ಕೆಳಗೆ ಮಾತ್ರ ಒಂದು ದಿನವೂ ಇಳಿದಿರಲಿಲ್ಲ.

ನಾನು ಸ್ಕೂಟರ್ ಹತ್ತಿದೆ. ಪಾಂಡವಪುರ ದಾಟಿ ಕಬ್ಬಿನ ಗದ್ದೆಗಳ ನಡುವೆ ಹೋಗುವಷ್ಟು ದೂರವೂ ಏನೇನು ಅನ್ನಬೇಕು ಎಂದು ಮನಸ್ಸಿನಲ್ಲೇ ಸಾಲಾಗಿ ಜೋಡಿಸಿಕೊಂಡೆ. ಆಲೆಮನೆಯಲ್ಲಿ ಗಾಣ ನಿಂತಿತ್ತು, ಒಲೆ ಆರಿತ್ತು. ಅವ್ವ ಹಸುವಿಗೆ ಬೂಸ ಕಲಸುತ್ತಿದ್ದರು. ಡಬ್ಬ ಇಲ್ಲದೆ ಒಂದು ಎಂದು ಯಾಕೆ ಒತ್ತಿದಿರಿ ಎಂದು ನಿಂತಲ್ಲೇ ಕೇಳಿದೆ. ಅವರು ಕೈ ತೊಳೆದುಕೊಂಡು, ಬಾ ಎಂದು ಬೆಲ್ಲದ ಕೋಣೆಗೆ ಕರೆದುಕೊಂಡು ಹೋದರು. ಸಾರಿಸಿದ ನೆಲದ ನಡುವೆ ಒಂದು ಡಬ್ಬ ಕೂತಿತ್ತು. ಮುಚ್ಚಳದ ಮೇಲೆ ಅರಿಸಿನ ಕುಂಕುಮ.

"ಒಂದೈತಲ್ಲವ್ವ. ನಾ ಯಾಕೆ ಸುಳ್ಳೊತ್ಲಿ?"

"ಹಾಗಾದ್ರೆ ಕೊಡಿ ಅದನ್ನ."

"ಅದ್ನ ಕೊಡಾಕಾಯ್ತದಾ? ಬೆಲ್ಲದ ಕ್ವಾಣೆ ಬರ್ದು ಮಾಡ್ಬಾರ್ದು ಕಣವ್ವ. ಹೊಸ್ದು ಬಂದ್ಮೇಲೆ ಇದ್ನ ಕಳುಸ್ತೀನಿ, ಆಗ ಹೊಸ್ದು ಇಲ್ಲಿ ಕುಂತ್ಕತದೆ. ನಮ್ಮತ್ತೆ ಕಾಲ್ದಿಂದ ಇಂಗೇ ನಡ್ಕಂಬಂದೈತೆ."

ಹಾಗಾದರೆ ಸೊನ್ನೆ ಎಂದು ಒತ್ತಬೇಕಿತ್ತು ಎಂದು ನಾನು ಗದರಿದೆ. ಅವ್ವ ನನ್ನನ್ನೇ ದಿಟ್ಟಿಸಿ ನೋಡಿದರು. ತುಂಬಿದ ಮನೆಯಲ್ಲಿ ಕೂತು, ಕೈಯಾರೆ ಸೊನ್ನೆ ಒತ್ತು ಅನ್ನುತ್ತೀಯಲ್ಲ, ನಿನ್ನ ಮನೆಯ ಅಕ್ಕಿ ಡಬ್ಬವನ್ನು ನೀನು ತಳ ಕಾಣುವ ತನಕ ಬಳಿಯುತ್ತೀಯಾ ಎಂದು ಕೇಳಿದರು. ಬಳಿಯುವುದಿಲ್ಲ. ಹೊಸ ಅಕ್ಕಿ ಬರುವ ತನಕ ನಾಲ್ಕು ಹಿಡಿಯನ್ನಾದರೂ ಬಿಟ್ಟಿರುತ್ತೇನೆ. ಅಷ್ಟೇ ಏಕೆ, ಅಂಗಡಿಯಲ್ಲಿ ಅರಿಸಿನದ ಕೊನೆಯ ಪೊಟ್ಟಣವನ್ನು ನಾನು ಎಂದೂ ಮಾರಿದವಳಲ್ಲ. ಅತ್ತೆಯವರು ಹೇಳಿಕೊಟ್ಟದ್ದು, ಕೈ ತಾನಾಗಿ ನಿಲ್ಲುತ್ತದೆ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಬೈಗುಳ ಒಂದೂ ನೆನಪಿಗೆ ಬರಲಿಲ್ಲ.

ಆ ಕೋಣೆಯ ಹೊಸ್ತಿಲ ಮೇಲೆ ಕೂತುಕೊಂಡಾಗ ನನಗೆ ಇನ್ನೊಂದು ವಿಷಯ ಹೊಳೆಯಿತು. ಒಂದು ಡಬ್ಬಕ್ಕೆ ನಲವತ್ತು ಪೆಟ್ಟಿಗೆ. ಹಿಂದಿನ ಸಂಕ್ರಾಂತಿಗೆ ತಪ್ಪಿದ ಮನೆಗಳೂ ನಲವತ್ತೇ. ಆಗಲೂ ನಾನು ಫೋನಿನಲ್ಲಿ ಕೇಳಿದ್ದೆ, ಅವ್ವ ಒಂದಿದೆ ಅಂದಿದ್ದರು, ನಾನು ಆ ಒಂದನ್ನು ನಂಬಿ ಮಾರಿದ್ದೆ. ಹತ್ತು ಸಲ ಕ್ಯಾಲೆಂಡರ್ ತಿರುಗಿಸಿದರೂ ಸಿಗದಿದ್ದ ತಪ್ಪು ನನ್ನ ಕಣ್ಣೆದುರಿಗೆ ಕುಂಕುಮ ಇಟ್ಟುಕೊಂಡು ಕೂತಿತ್ತು.

ಅದನ್ನು ಅವ್ವನಿಗೆ ಹೇಳಿದೆ. ಹೇಳಬಾರದಿತ್ತೋ ಏನೋ, ನನ್ನ ನಾಲಿಗೆ ನಿಲ್ಲುವುದಿಲ್ಲ. ನಲವತ್ತು ಮನೆಯ ಹೆಣ್ಣುಮಕ್ಕಳು ಎಳ್ಳು ಬೀರಲಿಲ್ಲವಾ ಎಂದು ಕೇಳಿದರು. ಹೌದು ಎಂದೆ. ಅವರ ಮುಖ ಸಣ್ಣದಾಯಿತು. ಒಳಗೆ ಹೋದರು. ಡಬ್ಬವನ್ನು ಸೊಂಟಕ್ಕೆ ಏರಿಸಿಕೊಂಡು ಬಂದು ನನ್ನ ಮುಂದೆ ಇಟ್ಟರು.

"ತಕ್ಕೊಂಡೋಗು. ಸೊನ್ನೆ ನೀನೇ ಒತ್ಬುಡು, ನನ್ ಕೈಲಿ ಆಗಾಕಿಲ್ಲ."

ಅವರ ಅತ್ತೆಯ ಕಾಲದಿಂದ ಬರಿದಾಗದ ಕೋಣೆ. ನನ್ನ ಒಂದು ಹಟದ ಮಾತಿಗಾಗಿ ಬರಿದು ಮಾಡಲು ನಿಂತಿದ್ದರು. ನನಗೆ ಅಳು ಬಂತು, ಅತ್ತುಬಿಟ್ಟೆ. ಹಬ್ಬಕ್ಕಿನ್ನೂ ಎರಡು ವಾರವಿತ್ತು, ಮೂವತ್ತೊಂದು ಪೆಟ್ಟಿಗೆಗೆ ಹೊಸ ಬೆಲ್ಲ ಬರುವಷ್ಟು ಸಮಯ ಧಾರಾಳವಾಗಿತ್ತು. ಡಬ್ಬವನ್ನು ನಾನೇ ಎತ್ತಿ ವಾಪಸ್ಸು ಅದರ ಜಾಗದಲ್ಲಿಟ್ಟೆ. ಆಮೇಲೆ ಅಂಗಳಕ್ಕೆ ಬಂದು ಮತ್ತೆ ಆ ಹುಡುಗಿಗೇ ಫೋನ್ ಮಾಡಿದೆ. ಈ ಸಲ ಬೈಯಲಿಲ್ಲ. ನಮ್ಮಲ್ಲಿ ಕೊನೆಯ ಒಂದನ್ನು ಕೊಡುವುದಿಲ್ಲ, ಆದರೆ ಅದು ಇಲ್ಲ ಎಂದೂ ಹೇಳುವುದಿಲ್ಲ, ಇದನ್ನು ನಿಮ್ಮ ಯಂತ್ರಕ್ಕೆ ಹೇಗೆ ಅರ್ಥ ಮಾಡಿಸುವುದು ಎಂದು ಕೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ.

ಅವಳು ನಗಲಿಲ್ಲ. "ಅದಕ್ಕೇ ಅಂತ ಒಂದು ಖಾನೆ ಇದೆ ಮೇಡಂ, ಮೀಸಲು ಅಂತ. ಅಲ್ಲಿ ಎಷ್ಟು ಹಾಕ್ತೀರೋ ಅಷ್ಟು ನಿಮ್ಮ ಲೆಕ್ಕದಲ್ಲಿರುತ್ತೆ, ಅಂಗಡಿಗೆ ಮಾತ್ರ ತೋರಿಸಲ್ಲ."

ಇಷ್ಟು ದಿನ ಹೇಳಲಿಲ್ಲವಲ್ಲ ತಾಯಿ ಎಂದು ಒಂದು ಕ್ಷಣ ರೇಗಿತು. ಮರುಕ್ಷಣ ನಗು ಉಕ್ಕಿತು. ಪಾಂಡವಪುರದ ಬೆಲ್ಲ, ಮೀಸಲು ಒಂದು ಎಂದು ಅಲ್ಲೇ ನಿಂತು ತುಂಬಿದೆ. ಅವ್ವನ ಫೋನಿನಲ್ಲಿ ಒಂದು ಹಾಗೇ ಉಳಿಯಿತು, ಆನ್‌ಲೈನ್ ಅಂಗಡಿಯಲ್ಲಿ ಪೆಟ್ಟಿಗೆ 'ಮುಗಿದಿದೆ' ಎಂದಾಯಿತು. ಎರಡನ್ನೂ ಅವ್ವನಿಗೆ ತೋರಿಸಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿ ಅಂದರು: "ಇದ್ನ ಮಾಡ್ದೋನ್ ಮನೇಲೂ ಒಬ್ಬ ಅತ್ತೆ ಇದ್ಲು ಬುಡು."

ಅಲ್ಲಿಂದಲೇ ಮಿಕ್ಕ ಇಬ್ಬರಿಗೂ ಫೋನ್ ಮಾಡಿದೆ. ಕಂಡಕ್ಟರಣ್ಣ ತಡವರಿಸಲೇ ಇಲ್ಲ: ಒಂದು ಮೂಟೆ ಎಳ್ಳು ಅಟ್ಟದ ಕೆಳಗಿದೆ, ಲೆಕ್ಕಕ್ಕೆ ಸೇರಿಸಿದ್ದೇನೆ, ಆದರೆ ಅದನ್ನು ಮುಟ್ಟುವ ಹಾಗಿಲ್ಲ ಅಂದರು. ಮೇಷ್ಟ್ರಿಗೆ ಮಾತ್ರ ಸಿಟ್ಟು ಬಂತು. ತಾವು ವಿಜ್ಞಾನ ಓದಿದವರು, ಇಂಥ ನಂಬಿಕೆಗಳೆಲ್ಲ ತಮ್ಮ ಮನೆಯಲ್ಲಿಲ್ಲ, ಲೆಕ್ಕ ಅಂದರೆ ಲೆಕ್ಕ ಎಂದು ನನಗೇ ಪಾಠ ಮಾಡಿದರು. ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಅವರೇ ಫೋನ್ ಮಾಡಿ, ದನಿ ತಗ್ಗಿಸಿ, ತಾಯಿಯವರು ಒಂದು ಚೀಲ ಕೊಬ್ಬರಿಯನ್ನು ಪಡಸಾಲೆಯ ಮೂಲೆಯಲ್ಲಿ ಬೇರೆ ಇಟ್ಟಿದ್ದಾರೆ, ಆ ಮೀಸಲು ಖಾನೆ ಎಲ್ಲಿದೆ ಹೇಳಿ ಅಂದರು. ನಾನು ಏನೂ ಅನ್ನದೆ ಹೇಳಿಕೊಟ್ಟೆ. ಅದು ನನ್ನ ಜೀವನದ ದೊಡ್ಡ ಸಂಯಮಗಳಲ್ಲೊಂದು.

ಆಮೇಲಿನ ಎರಡು ವಾರವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಅವ್ವ ಹೊಸ ಬೆಲ್ಲ ಇಳಿಸಿದರು. ಡಬ್ಬ ಬಂದಂತೆ ಅಂಗಡಿಯ ಸಂಖ್ಯೆ ಏರಿತು, ಆರ್ಡರ್ ಬಂದಂತೆ ಇಳಿಯಿತು, ಒಂದೂ ಸುಳ್ಳಲ್ಲ. ಹಿಂದಿನ ಕೋಣೆಯಲ್ಲಿ ನಾವು ಐದು ಜನ ಹೆಂಗಸರು ಪೆಟ್ಟಿಗೆ ಕಟ್ಟುತ್ತಿದ್ದೆವು. ಹುರಿದ ಎಳ್ಳಿನ ವಾಸನೆಗೆ ದಾರಿಯಲ್ಲಿ ಹೋಗುವವರು ಬಾಗಿಲಲ್ಲಿ ನಿಂತು ಇಣುಕುತ್ತಿದ್ದರು. ಯಜಮಾನರು ಪೇಪರ್ ಮಡಿಸಿಟ್ಟು ಚೀಟಿ ಅಂಟಿಸಲು ಕೂತರು, ಮೊದಲ ಹತ್ತನ್ನು ತಲೆಕೆಳಗಾಗಿ ಅಂಟಿಸಿದರು. ಹಬ್ಬಕ್ಕೆ ಐದು ದಿನ ಇರುವಾಗ, ಮಧ್ಯಾಹ್ನದ ಹೊತ್ತು, ಕೊನೆಯ ಪೆಟ್ಟಿಗೆ ಮಾರಾಟವಾಗಿ ಅಂಗಡಿ ತಾನಾಗಿಯೇ 'ಮುಗಿದಿದೆ' ಎಂದಿತು. ಒಟ್ಟು ಮುನ್ನೂರ ಹನ್ನೆರಡು. ವರ್ಷದ ಹಿಂದೆ ಅದೇ ಪದ ನೋಡಿ ನನ್ನ ಎದೆ ಒಡೆದಿತ್ತು. ಈಗ ಓದಿ ಓದಿ ಸಂತೋಷಪಟ್ಟೆ.

ಇನ್ನು ತಲುಪುವುದೊಂದು ಬಾಕಿ. ಕೊರಿಯರಿನ ಸುದ್ದಿಯೂ ಅದೇ ಪರದೆಗೆ ಬರುತ್ತಿತ್ತು. ತಲುಪಿದ ಪ್ರತಿ ಮನೆಯ ಮುಂದೆ ಒಂದು ಹಸಿರು ಗುರುತು. ಮುಂಬೈ ಹಸಿರಾಯಿತು, ಹೈದರಾಬಾದ್ ಹಸಿರಾಯಿತು, ದೆಹಲಿಯ ನಾಲ್ಕು ಮನೆಯೂ ಹಸಿರಾದವು. ಹಬ್ಬದ ಹಿಂದಿನ ದಿನ ಬೆಳಿಗ್ಗೆ ನೋಡಿದರೆ ಮುನ್ನೂರ ಹನ್ನೊಂದು ಹಸಿರು. ಒಂದು ಮಾತ್ರ ಕೆಂಪು.

ಆ ಒಂದು ಎಲ್ಲಿಯದು ಗೊತ್ತೇ? ಕೆ.ಆರ್.ಎಸ್.ನದು. ನಮ್ಮ ಅಂಗಡಿಯಿಂದ ಸ್ಕೂಟರಿನಲ್ಲಿ ಅರ್ಧ ಗಂಟೆಯ ದಾರಿ, ನೀರಾವರಿ ಇಲಾಖೆಯ ಕ್ವಾರ್ಟರ್ಸ್. ಪೆಟ್ಟಿಗೆಯನ್ನು ಬೆಂಗಳೂರಿಗೆ ಒಯ್ದು, ಅಲ್ಲಿಂದ ತಿರುಗಿ ಇಲ್ಲಿಗೆ ತರುವುದು ಆ ಕೊರಿಯರಿನ ಪದ್ಧತಿಯಂತೆ. ಬೆಂಗಳೂರಿನಲ್ಲೇ ಕೂತಿದೆ, ಹಬ್ಬ ಕಳೆದು ಬರುತ್ತದೆ ಎಂದರು. ಒಂದೇ ಒಂದು ಮನೆಗೆ ತಪ್ಪಿದರೂ ಮುಚ್ಚುತ್ತೇನೆ ಅಂದಿದ್ದೆ. ಆಗ ಮೂವರೂ ಎದುರಿಗೇ ಕೂತಿದ್ದರು. ಮುನ್ನೂರ ಹನ್ನೊಂದು ತಲುಪಿತಲ್ಲ, ಯಾರು ಕೇಳುತ್ತಾರೆ ಎಂದು ಯಜಮಾನರು ಸಮಾಧಾನ ಹೇಳಿದರು. ನಾನು ಕೇಳುತ್ತೇನೆ ಎಂದೆ.

ಇನ್ನೊಂದು ಪೆಟ್ಟಿಗೆ ಕಟ್ಟೋಣವೆಂದರೆ ಒಂದು ಚೂರು ಬೆಲ್ಲ ಇಲ್ಲ. ಅವ್ವನಿಗೆ ಫೋನ್ ಮಾಡಿದರೆ ಮೀಸಲು ಡಬ್ಬ ತೆಗೆದೇ ತೆಗೆಯುತ್ತಾರೆ, ಅದಕ್ಕೇ ಮಾಡಲಿಲ್ಲ. ಸುಮ್ಮನೆ ಅಡುಗೆಮನೆಗೆ ಹೋದೆ. ನಮ್ಮ ಮನೆಯ ಹಬ್ಬಕ್ಕೆಂದು ಎತ್ತಿಟ್ಟಿದ್ದ ಒಂದು ಪೆಟ್ಟಿಗೆ ದೇವರ ಗೂಡಿನ ಕೆಳಗಿತ್ತು. ಎರಡು ಸಲ ಯೋಚಿಸಲಿಲ್ಲ. ಅದಕ್ಕೊಂದು ಚೀಟಿ ಅಂಟಿಸಿ, ಚೀಲಕ್ಕೆ ಹಾಕಿಕೊಂಡು ಸ್ಕೂಟರ್ ಹತ್ತಿದೆ.

ಪಾಲಹಳ್ಳಿಯ ಹತ್ತಿರ ಕಬ್ಬು ತುಂಬಿದ ಟ್ರಾಕ್ಟರುಗಳ ಸಾಲು. ಅವುಗಳ ಹಿಂದೆ ಹೊಗೆ ಕುಡಿಯುತ್ತಾ ತೆವಳುವಾಗ ಕೊರಿಯರಿನವರನ್ನು ಮನಸಾರೆ ಬೈದೆ. ಕ್ವಾರ್ಟರ್ಸ್ ಹುಡುಕಿ ಬಾಗಿಲು ಬಡಿದಾಗ ಮೂರು ಗಂಟೆ. ಬಾಗಿಲು ತೆಗೆದ ಹೆಂಗಸಿಗೆ ಪೆಟ್ಟಿಗೆ ತಪ್ಪುವುದರಲ್ಲಿತ್ತು ಎಂಬುದೇ ಗೊತ್ತಿರಲಿಲ್ಲ. ತೆಗೆದುಕೊಂಡು, ಇವತ್ತೇ ಬಂತಲ್ಲ, ಒಳ್ಳೆಯದಾಯಿತು ಎಂದರು. ನನ್ನನ್ನು ಕೊರಿಯರಿನವಳು ಎಂದೇ ತಿಳಿದು, ಬಿಸಿಲಲ್ಲಿ ಬಂದಿದ್ದೀರಿ ಎಂದು ನೀರು ಕೊಟ್ಟರು. ಕುಡಿದು ಮೆಟ್ಟಿಲಿಳಿದು ಬಂದೆ. ಗೇಟಿನ ಹತ್ತಿರ ನಿಂತು ಫೋನ್ ತೆಗೆದು, 'ತಲುಪಿದೆ' ಎಂದು ನನ್ನ ಬೆರಳಿನಿಂದಲೇ ಒತ್ತಿದೆ. ಕೊನೆಯ ಕೆಂಪು ಹಸಿರಾಯಿತು. ಅಲ್ಲಿ ಯಾರೂ ಇರಲಿಲ್ಲ, ಇದ್ದಿದ್ದರೂ ನಾನು ಕೂಗುತ್ತಿದ್ದೆ. ಗೆದ್ದೆ ಎಂದು ಗಟ್ಟಿಯಾಗಿಯೇ ಕೂಗಿದೆ.

ಮಾರನೆಯ ದಿನ ಹಬ್ಬ. ಮನೆಯಲ್ಲಿ ಸಿಹಿಪೊಂಗಲ್ ಆಯಿತು, ಕಬ್ಬು, ಬಾಳೆಹಣ್ಣು ದೇವರ ಮುಂದೆ ಇಟ್ಟಾಯಿತು. ಸಂಜೆ ಬೀದಿಯಲ್ಲಿ ಲಂಗದ ಸದ್ದು, ತಟ್ಟೆಯ ಸದ್ದು ಶುರುವಾದಾಗ ಯಜಮಾನರು ದೇವರ ಗೂಡಿನ ಕೆಳಗೆ ಬಗ್ಗಿ ಹುಡುಕಿದರು. ಅಲ್ಲಿ ಏನೂ ಸಿಗದೆ ನನ್ನ ಕಡೆ ತಿರುಗಿ, ಊರಿಗೆಲ್ಲ ಎಳ್ಳು ಕಳಿಸಿದವಳು ನಮ್ಮ ಮನೆಯಿಂದ ಬೀರುವುದಕ್ಕೆ ಒಂದು ಹಿಡಿಯನ್ನೂ ಇಟ್ಟುಕೊಂಡಿಲ್ಲವಲ್ಲ ಎಂದು ಕೇಳಿದರು.

"ನಮ್ಮನೇದು ಆಯ್ತು ಕಣ್ರೀ," ಅಂದೆ. "ಮುನ್ನೂರ ಹನ್ನೆರಡು ಮನೆಗೆ ಬೀರಾಯ್ತು."